ಧ ಒತ್ತು ಸಾಲದ ದಿನ

ನಾನು ಆ ಸಭೆಯವನಲ್ಲ. ಆ ಹಾಡನ್ನು
ಮೊದಲು ಓದಿದ್ದು ತಲೆಕೆಳಗಾಗಿ, ಸೀಸದಲ್ಲಿ.

ಶಿವಮೊಗ್ಗ, ದುರ್ಗಿಗುಡಿಯ ಒಂದು ಓಣಿ, ವಿನಾಯಕ ಪ್ರೆಸ್.
ನಾನು ಅಲ್ಲಿ ಮೊಳೆ ಜೋಡಿಸುವವನು.
ಮೊಳೆ ಅಂದರೆ ನಮಗೆ ಅಕ್ಷರ.
ಆ ಮಾತು ಕೇಳಿ ಪಾದ್ರಿ ಐಸಾಕಯ್ಯನವರು
ಒಮ್ಮೆ ತಮ್ಮ ಅಂಗೈ ನೋಡಿಕೊಂಡು ಸುಮ್ಮನಾಗಿದ್ದರು;
ಯಾಕೆಂದು ನನಗೆ ಹೊಳೆದದ್ದು
ವರ್ಷಗಳಾದ ಮೇಲೆ.

ಭದ್ರಾವತಿಯಿಂದ ಬೆಳಗಿನ ರೈಲಿಗೆ
ಹಸ್ತಪ್ರತಿ ತಂದರು, ಹಳೆಯ ದಿಂಬಿನ ಚೀಲದಲ್ಲಿ:
ನೂರಾ ಹನ್ನೆರಡು ಹಾಡು, ಎಲ್ಲ ಅವರದೇ ದುಂಡು ಅಕ್ಷರ.
ಕೊನೆಯದು ಮಾತ್ರ ಔಷಧಿ ಚೀಟಿಯ ಹಿಂಬದಿ,
ಬೇರೆ ಯಾರದೋ ಪೆನ್ಸಿಲ್ಲು.

ಅದು ಲೇಯಮ್ಮನದಂತೆ.
ಮಿಷನ್ ಆಸ್ಪತ್ರೆಯಲ್ಲಿ ಗಾಯದ ಪಟ್ಟಿ ಒಗೆಯುವವಳು,
ಓದು ಬಾರದು. ಕಲ್ಲಿಗೆ ಬಡಿಯುತ್ತ ಗೊಣಗಿದ್ದನ್ನು
ಕಂಪೌಂಡರ್ ಹುಡುಗ ಗೀಚಿಕೊಂಡಿದ್ದ:

        ಮೂಗು ಮುಚ್ಚದೆ ಬಂದವನೆ,
        ಬಾಗಿಲು ತಟ್ಟದೆ ನಿಂದವನೆ,
        ನನ್ನ ಬಕೀಟಿನ ಕೆಂಪು ನೀರೊಳಗೆ
        ನಿನ್ನ ಮೊಗವ ತಂದವನೆ.

ರಾಗ ಕಟ್ಟಿದವನು ಆಶೀರ್ವಾದಂ.
ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣದ ಸೌಟು ಹಿಡಿದು ಹಿಡಿದು
ಒಂದು ಕಿವಿ ಕುಲುಮೆಗೆ ಕೊಟ್ಟಿದ್ದ.
ಇನ್ನೊಂದಕ್ಕೆ ನಿಚ್ಚಳವಾಗಿ ಕೇಳುತ್ತಿದ್ದದ್ದು
ಪಾಳಿ ಬದಲಾಗುವ ಸೈರನ್ ಒಂದೇ.
ಅದನ್ನೇ ಸಾ ಮಾಡಿಕೊಂಡ.
ಹಾರ್ಮೋನಿಯಂನಲ್ಲಿ ಹುಡುಕಿದರೆ, ಕಪ್ಪು ಎರಡು.

ಅವನ ತಮಿಳು ನಾಲಗೆಗೆ ಮೂಗು ಹೊರಳದೆ
ಮೂಕು, ಮೂಕು ಅಂತ ಹಾಡಿದರೆ
ಲೇಯಮ್ಮ ಒದ್ದೆ ಸೆರಗು ಸಿಕ್ಕಿಸಿಕೊಂಡು ಬೈದಳಂತೆ:
‘ಸರಿಯಾಗಿ ಹೇಳೋ, ದೇವ್ರು ಮೂಕ ಆಗ್ಬಿಟ್ಟಾನು.’

ಐಸಾಕಯ್ಯನವರ ತಕರಾರೂ ಮೂಗಿನದೇ.
ಪರಲೋಕದ ಮಾತಿಗೆ ಅದ್ಯಾಕೆ ಬೇಕು?
ಕೆಂಪು ಶಾಯಿಯಲ್ಲಿ ತಿದ್ದಿದ್ದರು:
‘ಪರಿಶುದ್ಧನಾಗಿ ಬಂದವನೆ.’
ಕೆಳಗೆ, ‘ರಚನೆ: ಸಭೆಯ ಒಬ್ಬ ಸಹೋದರಿ.’
ಒಂದು ಮಾತ್ರೆ ಹೆಚ್ಚಾಯಿತು, ಸೈರನ್ ಅಷ್ಟು ಎಳೆಯಲ್ಲ
ಎಂದು ಆಶೀರ್ವಾದಂ ಅಂದದ್ದು
ಅವರ ಎರಡು ಕಿವಿಗೂ ಬೀಳಲಿಲ್ಲ.

ಕ್ರಿಸ್‌ಮಸ್ಸಿಗೆ ಐದು ದಿನ. ಕೊನೆಯ ಫಾರಂ.
ಕೇಸಿನ ಆ ಮನೆಗೆ ಕೈ ಹಾಕಿದೆ: ಖಾಲಿ.
ಶುದ್ಧ, ಸಿದ್ಧ, ಬುದ್ಧಿ, ಯುದ್ಧ, ಉದ್ಧಾರ ಎನ್ನುತ್ತ
ಉಳಿದ ಹಾಡುಗಳೆಲ್ಲ ಸೇರಿ
ಧ ಒತ್ತನ್ನು ನುಂಗಿ ಕೂತಿದ್ದವು.
ಹಿಂದಿನ ಫಾರಂ ಇನ್ನೂ ಮೆಷಿನ್ನಿನ ಮೇಲೆ, ಬಿಚ್ಚುವಂತಿಲ್ಲ.
ಹೊಸ ಮೊಳೆ ಬರಲು ವಾರವಾಗುತ್ತೆ ಎಂದರು
ಮಾಲೀಕ ವಿಠೋಬರಾಯರು, ನಶ್ಯ ಏರಿಸುತ್ತ.

ಚೀಟಿಯನ್ನು ಬೆಳಕಿಗೆ ಹಿಡಿದೆ.
ಕೆಂಪಿನ ಅಡಿಯಲ್ಲಿ ಪೆನ್ಸಿಲ್ಲು ಹಾಗೇ ಉಸಿರಾಡುತ್ತಿತ್ತು.
ಮೂಗಿಗೆ ಒತ್ತೇ ಬೇಡ.
ಮುಚ್ಚದೆಗೆ ಬೇಕಾದ ಚ ಒತ್ತು ಬೊಗಸೆ ತುಂಬ ಇತ್ತು.

ಹಬ್ಬದ ಬೆಳಿಗ್ಗೆ ಐಸಾಕಯ್ಯನವರು ಪುಸ್ತಕ ಬಿಡಿಸಿ,
ಆ ಸಾಲಿಗೆ ಬಂದು, ತಡೆದು,
ಕರ್ಚೀಫು ತೆಗೆದು ಮೂಗು ಒರೆಸಿಕೊಂಡು
ಹಾಡಿದರಂತೆ. ಆಮೇಲೆ ಯಾರೂ ತಿದ್ದಲಿಲ್ಲ.

ಸೈರನ್ ಈಗ ಕೂಗುವುದಿಲ್ಲ. ಶ್ರುತಿಗೆ
ಪ್ರತಿ ಭಾನುವಾರ ಸಣ್ಣ ಜಗಳವಂತೆ,
ಹುಡುಗರ ಕೀಬೋರ್ಡು ಒಂದು ಕಡೆ, ಮುದುಕಿಯರು ಒಂದು ಕಡೆ.
ಗೆಲ್ಲುವವರು ಮುದುಕಿಯರೇ.

ಒತ್ತು ಸಾಲಲಿಲ್ಲ ಎಂದೆ ಎಲ್ಲರಿಗೂ.
ನಿಜ ಹೇಳುತ್ತೇನೆ: ಒಂದು ಇತ್ತು.
ಕೇಸಿನ ಮೂಲೆಯಲ್ಲಿ, ಮಸಿ ಹಿಡಿದು, ಒಂದೇ ಒಂದು.
ಬೇಕಾಗಿದ್ದದ್ದೂ ಒಂದೇ.
ಜೇಬಿಗೆ ಹಾಕಿಕೊಂಡೆ. ಈಗಲೂ ಇದೆ,
ಬಾಚಣಿಗೆಯ ಡಬ್ಬಿಯಲ್ಲಿ.

ಅಷ್ಟು ಮಾಡಿದವನು
ರಚನೆ ಎಂಬುದರ ಮುಂದೆ ಮಾತ್ರ
ಪ್ರತಿಯಲ್ಲಿ ಇದ್ದುದನ್ನೇ ಜೋಡಿಸಿದೆ.
ಲೇ. ಯ. ಮ. ಮ ಒತ್ತು.
ಎಲ್ಲ ಮೊಳೆಗಳೂ ಇದ್ದವು.